ಲಂಡಿ ಖಾನಾಕ್ಕೆ ಹೊರಟವರು: ಸೆರೆಸಿಕ್ಕ ಪೈಲಟ್‌ಗಳ ಹಿಂದಿನ ಲೆಕ್ಕ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ತುಮಕೂರಿನ ಟೀ ಅಂಗಡಿಗಳಲ್ಲೂ ವಾಯುಪಡೆಯ ಮಾತು ಹೆಚ್ಚಿದೆ. 1971ರ ಯುದ್ಧದಲ್ಲಿ ಪಾಕಿಸ್ತಾನದ ಸೆರೆಸಿಕ್ಕಿದ್ದ ಪೈಲಟ್, ಗ್ರೂಪ್ ಕ್ಯಾಪ್ಟನ್ ದಿಲೀಪ್ ಪಾರುಲ್ಕರ್ 2025ರ ಆಗಸ್ಟ್‌ನಲ್ಲಿ ನಿಧನರಾದಾಗ ಪಕ್ಕದ ಬೆಂಚಿನವರು ಕೇಳಿದರು: ‘ಬಿಡುಗಡೆ ಬೇಡ ಎಂದು ಅಪ್ಪನೇ ಹೇಳಿದ್ದರಲ್ಲ, ಅವರೇ ತಾನೆ?’

ಅಲ್ಲ, ಅದು ಕೊಡಗಿನ ಕಥೆ. 1965ರ ಸೆಪ್ಟೆಂಬರ್ 22ರಂದು, ಕದನವಿರಾಮ ಕಣ್ಣೆದುರಿಗಿದ್ದಾಗ, ಹಂಟರ್ ವಿಮಾನ ಉರುಳಿ ಪಾಕಿಸ್ತಾನದಲ್ಲಿ ಸೆರೆಯಾದವರು ಕೆ.ಸಿ. ಕಾರ್ಯಪ್ಪ. ಮಗನಿಗೆ ವಿಶೇಷ ರಿಯಾಯಿತಿ ಬೇಡವೆಂದವರು ಜನರಲ್ ಕೆ.ಎಂ. ಕಾರ್ಯಪ್ಪ.

ಪಾರುಲ್ಕರ್ ಅವರದು ಬೇರೆಯದೇ ಸಾಹಸ. 1971ರ ಡಿಸೆಂಬರ್ 10ರಂದು ಅವರ ಸುಖೋಯ್-7 ವಿಮಾನ ಪತನಗೊಂಡಿತು. ಮುಂದಿನ ಆಗಸ್ಟ್‌ನ ಒಂದು ಮಳೆಯ ರಾತ್ರಿ, ಎಂ.ಎಸ್. ಗ್ರೇವಾಲ್ ಮತ್ತು ಹರೀಶ್ ಸಿಂಹಜಿ ಅವರೊಂದಿಗೆ ರಾವಲ್ಪಿಂಡಿ ಶಿಬಿರದ ಗೋಡೆ ಕೊರೆದು ಹೊರಬಿದ್ದರು. ಬಸ್ ಹತ್ತಿ ಪೇಶಾವರ, ಅಲ್ಲಿಂದ ಲಂಡಿ ಕೋಟಲ್. ಅಫ್ಗಾನಿಸ್ತಾನದ ಗಡಿಗೆ ಉಳಿದಿದ್ದು ಕೆಲವೇ ಮೈಲಿ. ಅಲ್ಲಿ ಅವರು ಲಂಡಿ ಖಾನಾಕ್ಕೆ ದಾರಿ ಕೇಳಿದರು. ನಕ್ಷೆಯಲ್ಲಿ ಅದು ರೈಲು ನಿಲ್ದಾಣ. ಆದರೆ ಅಲ್ಲಿಗೆ ರೈಲು ಸಂಚಾರ ನಿಂತುಹೋದದ್ದು 1932ರಲ್ಲೇ. ಇಲ್ಲದ ನಿಲ್ದಾಣಕ್ಕೆ ಹೊರಟವರ ಮೇಲೆ ಊರಿನವರಿಗೆ ಸಂಶಯ ಬಂದದ್ದು ಸಹಜ. ಗೋಡೆ ತಡೆಯದವರನ್ನು ನಕ್ಷೆ ತಡೆಯಿತು.

ಸಿಕ್ಕಿಬಿದ್ದ ಮೇಲೆ ಗುಂಡಿಕ್ಕಬಹುದಿತ್ತಲ್ಲ ಎನ್ನುವವರಿದ್ದಾರೆ. 1949ರ ಜಿನೀವಾ ಒಪ್ಪಂದದ ಪ್ರಕಾರ ತಪ್ಪಿಸಿಕೊಂಡು ಮತ್ತೆ ಸಿಕ್ಕ ಯುದ್ಧಕೈದಿಗೆ ಶಿಸ್ತುಕ್ರಮ ಮಾತ್ರ. ಶಿಕ್ಷೆ ಒಮ್ಮೆಗೆ 30 ದಿನ ಮೀರುವಂತಿಲ್ಲ. ಕಾಳಗ ಮುಗಿದೊಡನೆ ತಡಮಾಡದೆ ಕಳುಹಿಸಬೇಕೆಂಬುದೂ ಅದೇ ಒಪ್ಪಂದದಲ್ಲಿದೆ. ಆದರೆ ಭಾರತದ ಬಳಿ ಆಗ ಪಾಕಿಸ್ತಾನದ ಸುಮಾರು 93,000 ಕೈದಿಗಳಿದ್ದರು. 1972ರ ಜುಲೈ 2ರ ಶಿಮ್ಲಾ ಒಪ್ಪಂದದ ನಂತರವೂ ಆ ದೊಡ್ಡ ಲೆಕ್ಕದ ಹಿಂದೆ ಪಾಕಿಸ್ತಾನದಲ್ಲಿದ್ದ ಭಾರತೀಯರ ಸಣ್ಣ ಲೆಕ್ಕ ಕಾದು ಕುಳಿತಿತ್ತು. ಪಾರುಲ್ಕರ್ ಮತ್ತು ಸಂಗಡಿಗರು ವಾಘಾ ದಾಟಿದ್ದು ಡಿಸೆಂಬರ್ 1ರಂದು, ಕದನ ನಿಂತು ವರ್ಷ ತುಂಬುತ್ತಿದ್ದಾಗ. ವಾಯುಸೇನಾ ಪದಕ ಮತ್ತು ವಿಶಿಷ್ಟ ಸೇವಾ ಪದಕ ಎರಡೂ ಪಾರುಲ್ಕರ್ ಹೆಸರಿನಲ್ಲಿವೆ.

ಮುಂದೆ ಪಾಕಿಸ್ತಾನದ ಸೆರೆಸಿಕ್ಕ ಪೈಲಟ್‌ಗಳ ಪೈಕಿ 1999ರಲ್ಲಿ ನಚಿಕೇತ ಎಂಟನೇ ದಿನಕ್ಕೆ, 2019ರಲ್ಲಿ ಅಭಿನಂದನ್ ಮೂರನೇ ದಿನಕ್ಕೆ ಮರಳಿದರು. ಯುದ್ಧ ಘೋಷಣೆಯಾಗದಿದ್ದರೂ ಜಿನೀವಾ ನಿಯಮ ಅನ್ವಯಿಸುತ್ತದೆ ಎಂಬುದನ್ನು ಆಗ ಎಷ್ಟೋ ಚರ್ಚೆಗಳು ಮರೆತಿದ್ದವು. ಕ್ಯಾಮೆರಾ ಇದ್ದ ಕಡೆ ದಿನಗಳ ಎಣಿಕೆ ಸುಲಭ.

ಕ್ಯಾಮೆರಾ ಇಲ್ಲದ ಕಾಲದವರ ಪಟ್ಟಿಯೊಂದಿದೆ. 1965 ಮತ್ತು 1971ರ ಯುದ್ಧಗಳಲ್ಲಿ ಕಾಣೆಯಾದ 54 ಮಂದಿಯದು, ಪೈಲಟ್‌ಗಳೂ ಅದರಲ್ಲಿದ್ದಾರೆ. ಅದರ ಮೊದಲ ರೂಪ 1979ರಲ್ಲಿ ಲೋಕಸಭೆಯ ಮುಂದೆ ಬಂತು. ಅಂಥವರು ಯಾರೂ ತನ್ನ ಬಳಿ ಇಲ್ಲವೆಂಬುದು ಪಾಕಿಸ್ತಾನದ ಉತ್ತರ. ಬಂಧುಗಳು 1983ರಲ್ಲಿ ಅಲ್ಲಿನ ಜೈಲಿಗೆ ಹೋಗಿ ಬರಿಗೈಯಲ್ಲಿ ಮರಳಿದರು. ಮತ್ತೆ ಹೋಗಲು ಅವಕಾಶ ಸಿಕ್ಕಿದ್ದು 2007ರಲ್ಲಿ.