ಜೋಕುಮಾರ: ಕಥೆ, ಏಳು ದಿನದ ಆಚರಣೆ ಮತ್ತು ಮಳೆಯ ಲೆಕ್ಕ

ಜಾನಪದದ ಪರೀಕ್ಷೆಗೆ ಓದುವಾಗ ಜೋಕುಮಾರ, ಅಂದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಳೆ ತರುತ್ತಾನೆ ಅಂತ ನಂಬುವ ಮಣ್ಣಿನ ದೇವರು, ಸುಲಭದ ಪಾಠ ಅನಿಸುತ್ತಾನೆ. ಕಥೆ ಚಿಕ್ಕದು, ಬಾಳುವುದೇ ಏಳು ದಿನ. ಬರೆಯಲು ಕೂತಾಗ ಎರಡು ಕಡೆ ಪೆನ್ನು ನಿಲ್ಲುತ್ತದೆ. ಊರಿಗೆ ಒಳ್ಳೆಯದು ಮಾಡುವವನನ್ನು ಊರೇ ಯಾಕೆ ಕೊಲ್ಲುತ್ತದೆ? ಅವನು ತರುವ ಮಳೆ ಯಾವ ಮಳೆ? ಎರಡನೇ ಪ್ರಶ್ನೆ ನನ್ನ ತಲೆ ಜಾಸ್ತಿ ತಿಂದಿತು. ಅದಕ್ಕೇ ಈ ಟಿಪ್ಪಣಿಯಲ್ಲಿ ಅದೇ ಉದ್ದವಾಗಿದೆ.

ಕಥೆ ಒಂದಲ್ಲ, ಎರಡು

ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ, ಹಾವೇರಿ, ಕೊಪ್ಪಳದ ಕಡೆ ಎಲ್ಲರ ಬಾಯಲ್ಲಿರುವ ಕಥೆ ಇದು. ಗಣಪ್ಪ ಭೂಮಿಗೆ ಬರುತ್ತಾನೆ. ಉಳ್ಳವರ ಮನೆಯಲ್ಲಿ ಕಡುಬು, ಹೋಳಿಗೆ ಉಂಡು ಹೊಟ್ಟೆ ತುಂಬಿಸಿಕೊಳ್ಳುತ್ತಾನೆ. ಕೈಲಾಸಕ್ಕೆ ಹೋಗಿ 'ಜನ ಸುಖವಾಗಿದ್ದಾರೆ' ಅನ್ನುತ್ತಾನೆ. ಅವನ ಹಿಂದೆಯೇ ಬರುವ ಜೋಕುಮಾರ ಬಡವರ ಕೇರಿ ತಿರುಗುತ್ತಾನೆ. ಮಳೆಯಿಲ್ಲದೆ ಬಾಡಿದ ಬೆಳೆ, ಮೇವಿಲ್ಲದೆ ಸೊರಗಿದ ದನ, ಎಲ್ಲ ಕಣ್ಣಾರೆ ನೋಡಿ ಶಿವನಿಗೆ ಹೇಳುತ್ತಾನೆ. ಆಮೇಲೆ ಮಳೆ ಬರುತ್ತದೆ.

ಇನ್ನೊಂದು ಕಥೆಯಲ್ಲಿ ಇವನು ಜೇಷ್ಠಾದೇವಿಯ ಮಗ, ಶುದ್ಧ ಪುಂಡ. ಕಂಡ ಹೆಣ್ಣುಮಕ್ಕಳ ಬೆನ್ನು ಬೀಳುತ್ತಾನೆ. ಕೊನೆಗೆ ಅಗಸರ ಹೆಣ್ಣಿನ ಮೇಲೆ ಕಣ್ಣು ಹಾಕಿ ಪೆಟ್ಟು ತಿಂದು ಸಾಯುತ್ತಾನೆ.

ಈ ಎರಡನ್ನೂ ಹೊಲಿದು ಒಂದೇ ಕಥೆ ಮಾಡಲು ಹೋಗಬೇಡಿ, ಹೊಲಿಗೆ ನಿಲ್ಲುವುದಿಲ್ಲ. ಗಣಪ್ಪನ ಬೆನ್ನಿಗೇ ಇವನು ಯಾಕೆ ಬರುತ್ತಾನೆ ಅನ್ನುವುದಕ್ಕೆ ಮೊದಲ ಕಥೆ ಉತ್ತರ. ಯಾಕೆ ಸಾಯುತ್ತಾನೆ ಅನ್ನುವುದಕ್ಕೆ ಎರಡನೆಯದು. ಎರಡೂ ಕೂಡುವ ಜಾಗ ಅಂದರೆ ಆ ಸಾವೇ. ಊರ ಕಷ್ಟ ಶಿವನಿಗೆ ಮುಟ್ಟಬೇಕಾದರೆ ಹೇಳುವವನು ಇಲ್ಲಿಂದ ಹೊರಡಬೇಕು ತಾನೇ? ಗಣಪ್ಪನನ್ನು ಮೆರವಣಿಗೆ ಮಾಡಿ ನೀರಿಗೆ ಕಳಿಸುತ್ತೇವೆ. ಜೋಕುಮಾರನೂ ಹೊಳೆ ಕಡೆಗೇ ಹೋಗುತ್ತಾನೆ, ಆದರೆ ಪೆಟ್ಟು ತಿಂದು. ಇದು ನನ್ನ ಓದು. ಪರೀಕ್ಷೆಯಲ್ಲಿ ಬರೆದರೆ 'ಹೀಗೂ ಅರ್ಥ ಮಾಡಬಹುದು' ಅಂತ ಸೇರಿಸಿ.

ಏಳು ದಿನ

ನೆನಪಿಡಲು ನನ್ನ ಅಡ್ಡದಾರಿ: ನಾಲ್ಕು, ಎಂಟು, ಹದಿನೈದು. ಭಾದ್ರಪದ ಶುಕ್ಲ ಚೌತಿಗೆ ಗಣಪ್ಪ, ಅಷ್ಟಮಿಗೆ ಜೋಕುಮಾರ, ಹದಿನೈದಕ್ಕೆ ಹುಣ್ಣಿಮೆ. ಅಷ್ಟಮಿಯಿಂದ ಚತುರ್ದಶಿಯವರೆಗೆ ಎಣಿಸಿದರೆ ಸರಿಯಾಗಿ ಏಳು. ಆ ಹುಣ್ಣಿಮೆಗೆ ಜೋಕುಮಾರನ ಹುಣ್ಣಿಮೆ ಅಂತಲೇ ಹೆಸರು.

ಹುಟ್ಟುವುದು ಕುಂಬಾರರ ಮನೆಯಲ್ಲಿ, ಹಸಿ ಮಣ್ಣಿನಲ್ಲಿ. ಅಗಲ ಮುಖ, ಗುಡ್ಡೆಗಣ್ಣು, ಮೀಸೆ, ತೆರೆದ ಬಾಯಿ. ಆ ಬಾಯಿಗೆ ಬೆಣ್ಣೆ ಮೆತ್ತುತ್ತಾರೆ. ಲಿಂಗವನ್ನು ಎದ್ದು ಕಾಣುವ ಹಾಗೆ ಮಾಡಿರುತ್ತಾರೆ. ಇದನ್ನು ಬಿಟ್ಟು ಬರೆದರೆ ಮಕ್ಕಳಿಲ್ಲದವರು ಇವನಿಗೆ ಯಾಕೆ ಹರಕೆ ಹೊರುತ್ತಾರೆ ಅನ್ನುವುದು ಅರ್ಥವಾಗುವುದಿಲ್ಲ, ಹಾಗಾಗಿ ನಾಚಿಕೆ ಬೇಡ. ಬುಟ್ಟಿಯಲ್ಲಿ ಸುತ್ತಲೂ ಬೇವಿನ ಸೊಪ್ಪು ಒತ್ತಿ ಅವನನ್ನು ಕೂರಿಸುತ್ತಾರೆ. ಹೊರುವುದು ಹೆಂಗಸರು. ಅಂಬಿಗರು, ತಳವಾರರು, ಬಾರಿಕರು, ಹೀಗೆ ಊರಿನಿಂದ ಊರಿಗೆ ಬೇರೆ. ಹಾಡು ಹೇಳುತ್ತಾ ಮನೆಮನೆ ತಿರುಗುತ್ತಾರೆ. ಮನೆಯವರು ಮೊರದಲ್ಲಿ ಜೋಳ, ಉಪ್ಪು, ಮೆಣಸಿನಕಾಯಿ ತಂದು ಹಾಕುತ್ತಾರೆ. ಬುಟ್ಟಿಯವರು ತಿರುಗಿ ಬೇವಿನ ಎಲೆ, ಒಂದಿಷ್ಟು ನುಚ್ಚು ಕೊಡುತ್ತಾರೆ. ಆ ನುಚ್ಚನ್ನು ರೈತರು ಹೊಲಕ್ಕೆ ಒಯ್ದು ಚರಗ ಚೆಲ್ಲುತ್ತಾರೆ, ಅಂದರೆ ಭೂಮಿಗೆ ಎಡೆಯಾಗಿ ಹೊಲದ ತುಂಬ ಎರಚುತ್ತಾರೆ. ಬೆಳೆಗೆ ಹುಳ ಬೀಳದಿರಲಿ ಅಂತ. (ಚರಗ ಅಂದ ಕೂಡಲೇ ಶೀಗಿ ಹುಣ್ಣಿಮೆ, ಎಳ್ಳಮಾಸಿ ನೆನಪಾಗುತ್ತದೆ. ಅವೆರಡೂ ಇದಾದ ಮೇಲೆ ಬರುವ ಹಬ್ಬ, ಬೆರೆಸಬೇಡಿ.)

ಇಡೀ ಆಚರಣೆಯಲ್ಲಿ ಪೂಜಾರಿಯನ್ನು ಹುಡುಕಿ ನೋಡಿ, ಸಿಗುವುದಿಲ್ಲ. ಕುಂಬಾರರು ಹೆತ್ತರು, ಅಂಬಿಗರ ಹೆಂಗಸರು ಹೊತ್ತರು, ಅಗಸರಿಗೆ ಕೊನೆಯ ಕೆಲಸ. ನನಗೆ ಕಥೆಗಿಂತ ಈ ಹಂಚಿಕೆಯೇ ಮುಖ್ಯ ಅನಿಸುತ್ತದೆ.

ಸಾವು

ಇದು ಊರೂರಿಗೆ ಬದಲಾಗುತ್ತದೆ, ಚುಟುಕಾಗಿ ಬರೆಯಿರಿ. ರಾತ್ರಿ ಬುಟ್ಟಿ ಇಟ್ಟು ಸುತ್ತ ಮುಳ್ಳು ಹಾಕಿ ಹೆಂಗಸರು ಹಾಡುತ್ತಾ ತಿರುಗುತ್ತಾರೆ. ಸೀರೆ ಮುಳ್ಳಿಗೆ ಸಿಕ್ಕಿತೋ, ಜೋಕುಮಾರನೇ ಸೆರಗು ಎಳೆದ ಅಂತ ಒನಕೆಯಿಂದ ಹೊಡೆಯುತ್ತಾರೆ. ಆಮೇಲೆ ಹೊಳೆ ದಂಡೆಯಲ್ಲಿ ಅಗಸರು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಿಟ್ಟು ಬರುತ್ತಾರೆ. ಅಲ್ಲಿ ಅವನ ನರಳಾಟ ಕೇಳಿಸುತ್ತದೆ ಅಂತ ಅಗಸರು ಮೂರು ದಿನ ಹೊಳೆಗೆ ಹೋಗುವುದಿಲ್ಲ. ಆಮೇಲೆ ಹೋಗಿ ಸತ್ತವರಿಗೆ ಮಾಡುವ ಹಾಗೆ ಅವನ ದಿನ ಮಾಡುತ್ತಾರೆ. ಕೊಂದವರೇ ಎಡೆ ಇಡುತ್ತಾರೆ!

ಯಾವ ಮಳೆ?

ಇಲ್ಲಿ ನಿಧಾನ. ರೈತರು ಮಳೆಯನ್ನು ನಕ್ಷತ್ರದ ಹೆಸರಲ್ಲಿ ಕರೆಯುತ್ತಾರೆ: ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ. ಹಬ್ಬ ಮಾತ್ರ ತಿಥಿಗೆ ಬರುತ್ತದೆ. ತಿಥಿ ನಡೆಸುವುದು ಚಂದ್ರ, ಮಳೆ ನಕ್ಷತ್ರ ನಡೆಸುವುದು ಸೂರ್ಯ. ಗೊಂದಲವೆಲ್ಲ ಇಲ್ಲೇ ಇರುವುದು.

ಮೊದಲು ಸೂರ್ಯ. ವರ್ಷಕ್ಕೆ 27 ನಕ್ಷತ್ರ ದಾಟುತ್ತಾನೆ. ಅಂದರೆ ಒಂದೊಂದರಲ್ಲಿ 13-14 ದಿನ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಆ ಹೆಸರಿನ ಮಳೆ. ಹಾಗಾಗಿ ಮಳೆಗಳ ತಾರೀಕು ಹೆಚ್ಚುಕಡಿಮೆ ಗಟ್ಟಿ. ಹುಬ್ಬಿ ಆಗಸ್ಟ್ ಕೊನೆಗೆ ಹುಟ್ಟುತ್ತದೆ, ಉತ್ತರಿ ಸೆಪ್ಟೆಂಬರ್ 13ರ ಸುಮಾರಿಗೆ, ಹಸ್ತ 27ರ ಸುಮಾರಿಗೆ, ಚಿತ್ತಿ ಅಕ್ಟೋಬರ್ 10-11ಕ್ಕೆ.

ಈಗ ಚಂದ್ರ. ಹನ್ನೆರಡು ಚಾಂದ್ರ ಮಾಸ ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ 11 ದಿನ ಕಮ್ಮಿ. ಅದಕ್ಕೆ ಭಾದ್ರಪದ ಹುಣ್ಣಿಮೆ ಪ್ರತಿ ವರ್ಷ 11 ದಿನ ಹಿಂದೆ ಸರಿಯುತ್ತದೆ. ಹೀಗೇ ಬಿಟ್ಟರೆ ಬೇಸಿಗೆಗೆ ಹೋಗಿಬಿಡುತ್ತಿತ್ತು. ಎರಡು-ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ (ಹೆಚ್ಚುವರಿ ತಿಂಗಳು) ಬಂದು ಅದನ್ನು ಮುಂದಕ್ಕೆ ತಳ್ಳುತ್ತದೆ.

ತಾರೀಕು ಇಟ್ಟು ನೋಡಿ. 2023ರಲ್ಲಿ ಅಧಿಕ ಶ್ರಾವಣ ಇತ್ತು, ಹುಣ್ಣಿಮೆ ಸೆಪ್ಟೆಂಬರ್ 29ಕ್ಕೆ ಹೋಯಿತು. ಅದು ಹಸ್ತ ಮಳೆ. 2024ರಲ್ಲಿ ಸೆಪ್ಟೆಂಬರ್ 18, ಉತ್ತರಿ. 2025ರಲ್ಲಿ ಸೆಪ್ಟೆಂಬರ್ 7, ಹುಬ್ಬಿ. ಮೂರು ವರ್ಷಕ್ಕೆ ಮೂರು ಮಳೆ!

ಆದ್ದರಿಂದ 'ಜೋಕುಮಾರ ಹಸ್ತ ಮಳೆ ತರುತ್ತಾನೆ' ಅಂತ ಒಂದೇ ಹೆಸರು ಬರೆದರೆ ತಪ್ಪು. ಹಿಂಗಾರು ಬಿತ್ತನೆಗೆ ಬೇಕಾದ ಮಳೆ ಅಂತ ಬರೆಯಿರಿ. ಎರೆಭೂಮಿಯಲ್ಲಿ (ಕಪ್ಪು ಮಣ್ಣಿನ ಹೊಲದಲ್ಲಿ) ಬಿಳಿಜೋಳ ಬಿತ್ತುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ನೆಲ ಹಸಿಯಾಗದೆ ಬಿತ್ತುವ ಕೂರಿಗೆ ಹೂಡುವಂತಿಲ್ಲ. ಹುಣ್ಣಿಮೆ ಬೇಗ ಬಂದ ವರ್ಷ ಉತ್ತರಿ, ಹಸ್ತ, ಚಿತ್ತಿ ಮೂರೂ ಮುಂದಿರುತ್ತವೆ. 2023ರಂಥ ವರ್ಷದಲ್ಲಿ ಜೋಕುಮಾರ ಹೋಗುವ ಹೊತ್ತಿಗೆ ಉತ್ತರಿ ಕಳೆದೇ ಹೋಗಿರುತ್ತದೆ. ಹಸ್ತವೂ ಕೈ ಕೊಟ್ಟರೆ ಉಳಿಯುವುದು ಚಿತ್ತಿ ಒಂದೇ.

ಅಭ್ಯಾಸಕ್ಕೆ: 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಹುಣ್ಣಿಮೆ ಸೆಪ್ಟೆಂಬರ್ 26ಕ್ಕೆ, ಉತ್ತರಿಯ ತುದಿಯಲ್ಲಿ. 2027ರದ್ದು ನೀವೇ ಲೆಕ್ಕ ಹಾಕಿ. ನಡುವೆ ಅಧಿಕ ಮಾಸ ಇಲ್ಲ.