ಬಯೋಮಾನಿಟರಿಂಗ್: ಹಿಮನಾಡಿನವರ ರಕ್ತದಲ್ಲಿ ಏನು ಹುಡುಕುತ್ತಾರೆ?

ಒಂದು ಊರಿನ ಪರಿಸರ ಎಷ್ಟು ಕೆಟ್ಟಿದೆ ಅಂತ ತಿಳಿಯಲು ಗಾಳಿ, ನೀರು, ಮಣ್ಣನ್ನು ಪರೀಕ್ಷೆಗೆ ಕಳಿಸಬಹುದು. ಆದರೆ ಆ ವಿಷದಲ್ಲಿ ಎಷ್ಟು ಪಾಲು ಜನರ ಮೈಯೊಳಗೆ ಹೋಗಿದೆ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೆ ಜನರನ್ನೇ ಪರೀಕ್ಷಿಸಬೇಕು. ರಕ್ತ, ಮೂತ್ರ, ಕೂದಲು, ಎದೆಹಾಲು, ಹೊಕ್ಕುಳಬಳ್ಳಿಯ ರಕ್ತ ಇವುಗಳಲ್ಲಿ ಪಾದರಸ, ಸೀಸ, ಕೀಟನಾಶಕಗಳಂಥವು ಎಷ್ಟಿವೆ ಎಂದು ಅಳೆಯುತ್ತಾರೆ. ಕೆಲವು ವರ್ಷ ಬಿಟ್ಟು ಮತ್ತೆ ಅಳೆಯುತ್ತಾರೆ. ಏರುತ್ತಿದೆಯೋ ಇಳಿಯುತ್ತಿದೆಯೋ ನೋಡುತ್ತಾರೆ. ಇದೇ ಬಯೋಮಾನಿಟರಿಂಗ್. ನಿಮಗೆ ಕಾಯಿಲೆ ಇದೆಯೇ ಎಂದು ಇದು ಹೇಳುವುದಿಲ್ಲ. ಮೈಗೆ ಏನು ಸೇರಿದೆ, ಎಷ್ಟು ಸೇರಿದೆ ಅಂತ ಮಾತ್ರ ಹೇಳುತ್ತದೆ.

ಈ ಕೆಲಸ ಬಹಳ ವರ್ಷಗಳಿಂದ ಬಿಡದೆ ನಡೆಯುತ್ತಿರುವ ಜಾಗಗಳಲ್ಲಿ ಭೂಮಿಯ ಉತ್ತರ ತುದಿಯ ಆರ್ಕ್ಟಿಕ್ ಪ್ರದೇಶವೂ ಒಂದು. ಅಲ್ಲಿ ಕಾರ್ಖಾನೆಗಳೇ ಇಲ್ಲವಲ್ಲ ಅಂತ ಅನ್ನಿಸಬಹುದು. 1980ರ ದಶಕದ ಕೊನೆಯಲ್ಲಿ ಕೆನಡಾದ ಎರಿಕ್ ಡೆವಾಯಿ ಎಂಬ ವೈದ್ಯ ವಿಜ್ಞಾನಿ ಅಂದುಕೊಂಡದ್ದೂ ಅದೇ. ಕ್ವಿಬೆಕ್ ಪ್ರಾಂತ್ಯದ ದಕ್ಷಿಣ ಭಾಗದ ತಾಯಂದಿರ ಎದೆಹಾಲಿನಲ್ಲಿ ಪಿಸಿಬಿ ಎಷ್ಟಿದೆ ಎಂದು ಅವರ ತಂಡ ಅಳೆಯುತ್ತಿತ್ತು. ಪಿಸಿಬಿ ಅಂದರೆ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಬಳಸುತ್ತಿದ್ದ ರಾಸಾಯನಿಕ. ಹೋಲಿಸಿ ನೋಡಲು ಶುದ್ಧ ಜಾಗದ ಹಾಲು ಬೇಕಿತ್ತು. ಅದೇ ಪ್ರಾಂತ್ಯದ ಉತ್ತರದಲ್ಲಿರುವ, ಹೊರಗಿನಿಂದ ರಸ್ತೆಯೇ ಇಲ್ಲದ ನುನಾವಿಕ್ ಪ್ರದೇಶದಿಂದ, ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ತಾಯಂದಿರ ಹಾಲು ತರಿಸಿದರು. ಅದರಲ್ಲಿ ಪಿಸಿಬಿ ದಕ್ಷಿಣದವರಿಗಿಂತ ಸುಮಾರು ಐದು ಪಟ್ಟು ಜಾಸ್ತಿ ಇತ್ತು!

ಅದು ಅಲ್ಲಿಗೆ ಹೋಗಿದ್ದು ಹೇಗೆ? ಇಂಥ ರಾಸಾಯನಿಕಗಳು ಬಿಸಿಲಿಗೆ ಆವಿಯಾಗಿ ಗಾಳಿಗೆ ಸೇರುತ್ತವೆ, ತಂಪಾದ ಕಡೆ ಕೆಳಗಿಳಿಯುತ್ತವೆ, ಮತ್ತೆ ಏಳುತ್ತವೆ. ಹೀಗೆ ಕುಪ್ಪಳಿಸುತ್ತಾ ಹೋಗಿ ಧ್ರುವದ ಚಳಿಯಲ್ಲಿ ಉಳಿದುಬಿಡುತ್ತವೆ. ಸಮುದ್ರದ ಸೂಕ್ಷ್ಮಜೀವಿಯಿಂದ ಮೀನಿಗೆ, ಮೀನಿನಿಂದ ಸೀಲ್‌ಗೆ, ಬೆಲೂಗಾ ತಿಮಿಂಗಿಲಕ್ಕೆ ದಾಟುತ್ತವೆ. ಒಂದೊಂದು ಮೆಟ್ಟಿಲು ಏರಿದಾಗಲೂ ಸಾಂದ್ರತೆ ಹೆಚ್ಚುತ್ತದೆ. ಇವು ಕರಗುವುದು ಕೊಬ್ಬಿನಲ್ಲಿ. ಅಷ್ಟು ಚಳಿಯಲ್ಲಿ ಬದುಕುವ ಪ್ರಾಣಿಗೆ ಕೊಬ್ಬೇ ಆಸ್ತಿ. ಆ ಪ್ರಾಣಿಗಳನ್ನು ತಿಂದು ಬದುಕುವವರು ಸಾಲಿನ ತುದಿಯಲ್ಲಿರುವ ಇನುಯಿಟ್ ಜನ.

ಪಾದರಸದ ಕತೆ ಸ್ವಲ್ಪ ಬೇರೆ. ಕಲ್ಲಿದ್ದಲು ಸುಟ್ಟಾಗ, ಸಣ್ಣ ಚಿನ್ನದ ಗಣಿಗಳಲ್ಲಿ ಬಳಸಿದಾಗ ಅದು ಗಾಳಿಗೆ ಹೋಗುತ್ತದೆ. ನೀರಿಗಿಳಿದ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಮರ್ಕ್ಯುರಿಯಾಗಿ ಬದಲಿಸುತ್ತವೆ. ಅದು ಕೂರುವುದು ಕೊಬ್ಬಿನಲ್ಲಲ್ಲ, ಮಾಂಸದಲ್ಲಿ. ಇದನ್ನು ಅಳೆಯಲು ಕೂದಲು ಬಹಳ ಅನುಕೂಲ. ತಲೆಯ ಹಿಂಭಾಗದಿಂದ ಒಂದು ಸಣ್ಣ ಎಳೆಗುಚ್ಛವನ್ನು ಬುಡದ ಹತ್ತಿರ ಕತ್ತರಿಸುತ್ತಾರೆ. ಬುಡ ಯಾವ ಕಡೆ, ತುದಿ ಯಾವ ಕಡೆ ಅನ್ನುವ ಗುರುತು ತಪ್ಪಬಾರದು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಬೆಳೆಯುವಾಗ ರಕ್ತದಲ್ಲಿದ್ದ ಪಾದರಸ ಅದರೊಳಗೆ ಸೇರಿ ಅಲ್ಲೇ ಉಳಿಯುತ್ತದೆ. ಹಾಗಾಗಿ ಸೆಂಟಿಮೀಟರ್ ಲೆಕ್ಕದಲ್ಲಿ ತುಂಡು ಮಾಡಿ ನೋಡಿದರೆ ಯಾವ ತಿಂಗಳು ಎಷ್ಟು ಜಮೆಯಾಗಿದೆ ಅಂತ ಬ್ಯಾಂಕ್ ಪಾಸ್‌ಬುಕ್‌ನಂತೆ ಓದಬಹುದು. ಬೇಟೆಯ ಕಾಲದಲ್ಲಿ ಏರಿದ್ದೂ ಕಾಣುತ್ತದೆ.

ನನ್ನ ಪ್ರಕಾರ ಅಳೆಯುವುದು ಸುಲಭದ ಭಾಗ. ಅದನ್ನು ಜನರಿಗೆ ಹೇಳುವುದೇ ಕಷ್ಟ. ಗರ್ಭಿಣಿಯರಾಗಬಹುದಾದ ವಯಸ್ಸಿನ ಹೆಂಗಸರಿಗೆ ಕೆನಡಾದಲ್ಲಿ ಇಟ್ಟುಕೊಂಡಿರುವ ಮಿತಿ, ಲೀಟರ್ ರಕ್ತಕ್ಕೆ 8 ಮೈಕ್ರೋಗ್ರಾಂ ಪಾದರಸ. ಅದನ್ನು ದಾಟಿದವರಿಗೆ ಏನು ಹೇಳಬೇಕು? ‘ತಿಮಿಂಗಿಲ ತಿನ್ನಬೇಡಿ’ ಅಂತ ಸುಮ್ನೆ ಹೇಳಿಬಿಡಬಹುದು. ಆದರೆ ಅಂಗಡಿಯ ಸಾಮಾನೆಲ್ಲ ವಿಮಾನದಲ್ಲೋ ಹಡಗಿನಲ್ಲೋ ಬರಬೇಕಾದ ಊರು ಅದು, ಬೆಲೆ ವಿಪರೀತ. ಬೇಟೆಯ ಆಹಾರದಲ್ಲಿ ಕಬ್ಬಿಣ, ಒಮೇಗಾ-3, ಸೆಲೆನಿಯಂ ಚೆನ್ನಾಗಿವೆ. ಅದನ್ನು ಬಿಟ್ಟು ಚಿಪ್ಸ್, ಸೋಡಾ ಹಿಡಿದರೆ ಏನು ಉಪಕಾರವಾಯಿತು?

ಆದ್ದರಿಂದ ಯಾವ ಪ್ರಾಣಿಯ ಯಾವ ಭಾಗ ಅನ್ನುವವರೆಗೆ ಇಳಿದು ನೋಡಬೇಕಾಗುತ್ತದೆ. ನುನಾವಿಕ್‌ನಲ್ಲಿ ಬೆಲೂಗಾ ಮಾಂಸವನ್ನು ಗಾಳಿಗೆ ಒಣಗಿಸಿ ತಿನ್ನುತ್ತಾರೆ, ಅದಕ್ಕೆ ನಿಕ್ಕು ಅಂತ ಹೆಸರು. ಒಣಗಿದಾಗ ನೀರು ಹೋಗುತ್ತದೆ, ಪಾದರಸ ಹೋಗುವುದಿಲ್ಲ. ಅದೇ ಬೆಲೂಗಾದ ಚರ್ಮ, ಅಂದರೆ ಮತ್ತಾಕ್‌ನಲ್ಲಿ, ಸೆಲೆನಿಯಂ ಸಮೃದ್ಧ. 2011ರಲ್ಲಿ ಅಲ್ಲಿನ ಆರೋಗ್ಯ ಮಂಡಳಿ ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಬೆಲೂಗಾ ಮಾಂಸ ಕಡಿಮೆ ಮಾಡಿ ಎಂದಿತು. ಬದಲಿಗೆ ಪಾದರಸ ಕಡಿಮೆ ಇರುವ ಆರ್ಕ್ಟಿಕ್ ಚಾರ್ ಎಂಬ ಮೀನು ತಿನ್ನಲು ಪ್ರೋತ್ಸಾಹ ಸಿಕ್ಕಿತು. ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ ದಾರಿ ಬೇರೆಯಾಯಿತು. ತಾಯಿಯ ಹೊಟ್ಟೆಯಲ್ಲಿದ್ದಾಗ ಸೇರಿದ ಪಾದರಸ ಏನು ಮಾಡುತ್ತದೆಂದು ತಿಳಿಯಲು, 1986–87ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳ ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಅಲ್ಲಿ ನಡೆದಿತ್ತು. ಅದನ್ನೂ ಇಟ್ಟುಕೊಂಡು 2008ರಲ್ಲಿ ವೈದ್ಯಾಧಿಕಾರಿಗಳು ಪೈಲಟ್ ತಿಮಿಂಗಿಲವನ್ನು ಯಾರೂ ತಿನ್ನದಿರುವುದೇ ಒಳ್ಳೆಯದು ಎಂದರು.

ಕೆಲವೊಮ್ಮೆ ತಪ್ಪು ಆಹಾರದ್ದೇ ಅಲ್ಲ. ನುನಾವಿಕ್‌ನ ಶಿಶುಗಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಸಿಕ್ಕ ಸೀಸದ ಮೂಲ ಹುಡುಕಿದರೆ, ಹಕ್ಕಿ ಬೇಟೆಯ ಬಂದೂಕಿನ ಸೀಸದ ಚರೆಗಳತ್ತ ಬೆರಳು ಹೋಯಿತು. 1990ರ ದಶಕದ ಕೊನೆಯಲ್ಲಿ ಚರೆ ಬದಲಿಸಿದರು. ರಕ್ತದ ಸೀಸವೂ ಇಳಿಯಿತು.

ಪಿಸಿಬಿ, ಡಿಡಿಟಿ ಮಾತ್ರ ಊರಿನವರು ಬದಲಿಸಿ ಮುಗಿಸುವ ವಿಷಯವಲ್ಲ. ಅವು ಬಂದದ್ದು ಬೇರೆಯವರ ದೇಶದಿಂದ. ಇನುಯಿಟ್ ಸಂಘಟನೆಗಳು ತಮ್ಮದೇ ಮೈಯ ಲೆಕ್ಕ ಹಿಡಿದು ಅಂತರರಾಷ್ಟ್ರೀಯ ಮಾತುಕತೆಗೆ ಹೋದವು. ಇಂಥ ರಾಸಾಯನಿಕಗಳನ್ನು ತಡೆಯಲು ದೇಶಗಳು ಮಾಡಿಕೊಂಡ 2001ರ ಸ್ಟಾಕ್‌ಹೋಮ್ ಒಪ್ಪಂದದ ಪೀಠಿಕೆಯಲ್ಲೇ ಆರ್ಕ್ಟಿಕ್‌ನ ಮೂಲನಿವಾಸಿಗಳ ಪ್ರಸ್ತಾಪವಿದೆ. ಆಮೇಲೆ ನುನಾವಿಕ್‌ನ ಗರ್ಭಿಣಿಯರ ರಕ್ತದಲ್ಲಿ ಹಳೆಯ ರಾಸಾಯನಿಕಗಳು ಗಣನೀಯವಾಗಿ ಇಳಿದಿವೆ. ಈಗ ತಲೆನೋವು ನೀರು, ಎಣ್ಣೆ ಅಂಟದ ಲೇಪನಗಳಿಂದ ಬರುವ ಪಿಎಫ್‌ಎಎಸ್ ಗುಂಪಿನದು. ಅದರಲ್ಲಿ ಕೆಲವು ಅಲ್ಲಿನ ಗರ್ಭಿಣಿಯರಲ್ಲಿ ಕೆನಡಾದ ಉಳಿದವರಿಗಿಂತ ಹೆಚ್ಚಿವೆ.

ಒಪ್ಪಂದದ ಪಟ್ಟಿ ಬೆಳೆಯುತ್ತಲೇ ಇದೆ. ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳಿಗೆ ಸುರಿದಿದ್ದ ಎಂಡೋಸಲ್ಫಾನ್ 2011ರಲ್ಲಿ ಅದಕ್ಕೆ ಸೇರಿತು. ಆರ್ಕ್ಟಿಕ್ ಗಾಳಿಯಲ್ಲೂ ಅದು ಸಿಕ್ಕಿತ್ತು. 2025ರಲ್ಲಿ ಪಿಎಫ್‌ಎಎಸ್‌ನ ಉದ್ದ ಸರಪಳಿಯ ಕೆಲವು ರಾಸಾಯನಿಕಗಳ ಜೊತೆಗೆ ಕ್ಲೋರ್‌ಪೈರಿಫಾಸ್ ಕೂಡ ಸೇರಿದೆ. ನಮ್ಮಲ್ಲಿ ಗೆದ್ದಲಿಗೆ ಹೊಡೆಯುತ್ತೇವಲ್ಲ, ಅದೇ.