ಎಂಟು ಕರೆಗಂಟೆಯಿಂದ ಒಂದಕ್ಕೆ: ನ್ಯೂಯಾರ್ಕಿನ ಬ್ರೌನ್‌ಸ್ಟೋನ್ ಮನೆಗಳ ಕಥೆ

ನ್ಯೂಯಾರ್ಕಿನಲ್ಲಿ ಹಳೆಯ ಬ್ರೌನ್‌ಸ್ಟೋನ್ ಟೌನ್‌ಹೌಸ್ (ಕಂದು ಕಲ್ಲಿನ ಮುಂಭಾಗದ, ಗೋಡೆಗೆ ಗೋಡೆ ಅಂಟಿದ ಬಹುಮಹಡಿ ಮನೆ) ಮಾರಾಟಕ್ಕೆ ಬಂದಾಗ ಜಾಹೀರಾತಿನಲ್ಲಿ ಎರಡು ಮಾತು ಜೊತೆಯಾಗಿ ಕಾಣಿಸುತ್ತವೆ: ‘ಐತಿಹಾಸಿಕ’ ಮತ್ತು ‘ಒಂದೇ ಕುಟುಂಬದ ಮನೆ’. ಓದಿದರೆ, ನೂರೈವತ್ತು ವರ್ಷದಿಂದ ಒಂದಾದ ಮೇಲೊಂದು ಕುಟುಂಬ ಅಲ್ಲಿ ಬಾಳಿಕೊಂಡು ಬಂದಿದೆ ಅನ್ನಿಸುತ್ತದೆ, ಅಲ್ವಾ? ಬಹಳಷ್ಟು ಮನೆಗಳ ಕಥೆ ಹಾಗಿಲ್ಲ. ನಡುವೆ ಕೆಲವು ದಶಕ ಅವು ವಠಾರಗಳಾಗಿದ್ದವು.

ಶುರುವಿನಲ್ಲಿ ಇವು ಒಂದು ಕುಟುಂಬಕ್ಕೆಂದೇ ಕಟ್ಟಿದ ಮನೆಗಳು, ನಿಜ. 1811ರಲ್ಲಿ ಮ್ಯಾನ್‌ಹಟನ್‌ಗೆ ಚೌಕುಳಿ ಬೀದಿಗಳ ನಕ್ಷೆ ಬಂತು. 25 ಅಡಿ ಅಗಲ, 100 ಅಡಿ ಉದ್ದದ ಸೈಟು ರೂಢಿಯಾಯಿತು. ಕಟ್ಟಿ ಮಾರುವವರು ಅದರಲ್ಲೂ ಲೆಕ್ಕ ಹಾಕಿದರು. ನಾಲ್ಕು ಸೈಟು ಸೇರಿಸಿ 20 ಅಡಿ ಅಗಲದ ಐದು ಮನೆ ಎಬ್ಬಿಸಿದರು. ಎರಡು ಸೈಟಿನಲ್ಲಿ ಮೂರು ಮನೆ ಕಟ್ಟಿದ್ದೂ ಉಂಟು. ಆಗ ಒಂದೊಂದರ ಅಗಲ 16 ಅಡಿ 8 ಅಂಗುಲ. ಅಕ್ಕಪಕ್ಕ ಅಂಟಿಕೊಂಡ ಗೋಡೆ. ಬೆಳಕು ಮುಂದಿನಿಂದ, ಹಿಂದಿನಿಂದ ಮಾತ್ರ. ಹಾಗಾಗಿ ಮನೆ ಮೇಲಕ್ಕೆ ಬೆಳೆಯಿತು. ಕೆಳಗೆ ಅಡುಗೆಮನೆ, ಮೆಟ್ಟಿಲು ಹತ್ತಿದರೆ ನೆಂಟರನ್ನು ಕೂರಿಸುವ ಹಜಾರ, ಅದರ ಮೇಲೆ ಮಲಗುವ ಕೋಣೆಗಳು, ತುತ್ತತುದಿಯಲ್ಲಿ ಕೆಲಸದವರು. ಬೀದಿ ಕಡೆಯ ಆ ಎತ್ತರದ ಮೆಟ್ಟಿಲಿಗೆ ‘ಸ್ಟೂಪ್’ ಅನ್ನುತ್ತಾರೆ. ಡಚ್ಚರು ಬಿಟ್ಟುಹೋದ ಪದ.

ಕಲ್ಲಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಕೊಳ್ಳುವವರಿಗೆ ಮುಂದೆ ದೊಡ್ಡ ಖರ್ಚು ಅದರಿಂದಲೇ ಬರಬಹುದು. ಬ್ರೌನ್‌ಸ್ಟೋನ್ ಅಂದರೆ ಕಂದು ಮರಳುಗಲ್ಲು. ಅದರಲ್ಲಿ ಒಳ್ಳೆಯ ಪಾಲು ಬಂದಿದ್ದು ಕನೆಕ್ಟಿಕಟ್‌ನ ಪೋರ್ಟ್‌ಲ್ಯಾಂಡ್ ಕ್ವಾರಿಗಳಿಂದ, ನದಿಯ ದಾರಿಯಲ್ಲಿ. ಇಡೀ ಮನೆ ಆ ಕಲ್ಲಿನದಲ್ಲ. ಇಟ್ಟಿಗೆ ಗೋಡೆಯ ಮುಂಭಾಗಕ್ಕೆ ಕೆಲವೇ ಅಂಗುಲ ದಪ್ಪದ ಚಪ್ಪಡಿ ಹೊದಿಸಿದ್ದು. ಮರಳುಗಲ್ಲು ನೆಲದೊಳಗೆ ಪದರ ಪದರವಾಗಿ ಮಲಗಿರುತ್ತದೆ. ಹಾಗೇ ಮಲಗಿಸಿ ಕಟ್ಟಿದರೆ ಹೆಚ್ಚು ಬಾಳುತ್ತದೆ. ಇಲ್ಲಿ ಎಷ್ಟೋ ಕಡೆ ಪದರಗಳನ್ನು ಎಬ್ಬಿಸಿ ನಿಲ್ಲಿಸಿದರು. ನಡುವೆ ನೀರು ಇಳಿದು, ಚಳಿಗೆ ಹೆಪ್ಪುಗಟ್ಟಿ ಉಬ್ಬಿ, ಕಲ್ಲು ಈರುಳ್ಳಿ ಸಿಪ್ಪೆಯಂತೆ ಏಳುತ್ತದೆ. ಇವತ್ತು ಬೀದಿಯಲ್ಲಿ ಕಾಣುವ ‘ಕಂದು ಕಲ್ಲು’ ಎಷ್ಟೋ ಮನೆಗಳಲ್ಲಿ ಬಣ್ಣ ಕಲಸಿದ ಸಿಮೆಂಟ್ ಗಾರೆ.

1884ರಲ್ಲಿ ಸೆಂಟ್ರಲ್ ಪಾರ್ಕ್ ಪಕ್ಕ ಡಕೋಟಾ ಅಪಾರ್ಟ್‌ಮೆಂಟ್ ಎದ್ದಿತು. ಅಲ್ಲಿ ಲಿಫ್ಟ್ ಇತ್ತು. ನಾಲ್ಕು ಅಂತಸ್ತು ಹತ್ತಿಳಿಯುವ ಮನೆಗೆ ಕೆಲಸದವರು ಬೇಕೇ ಬೇಕು. ಉಳ್ಳವರು ಮೆಲ್ಲಗೆ ಫ್ಲ್ಯಾಟುಗಳಿಗೆ ಸರಿದರು. ಮ್ಯಾನ್‌ಹಟನ್‌ನ ಉತ್ತರದ ಹಾರ್ಲೆಮ್‌ ಬಡಾವಣೆಯಲ್ಲಿ ಈ ಬದಲಾವಣೆ ಇನ್ನೂ ಬಿರುಸು. ಸಬ್‌ವೇ, ಅಂದರೆ ಸುರಂಗ ರೈಲು, ಬರುತ್ತದೆಂದು ಬೇಕಾದ್ದಕ್ಕಿಂತ ಜಾಸ್ತಿ ಕಟ್ಟಿದ್ದರಿಂದ 1904-05ರ ಹೊತ್ತಿಗೆ ಬೆಲೆ ಕುಸಿಯಿತು. ಫಿಲಿಪ್ ಪೇಟನ್ ಎಂಬ ಕಪ್ಪು ಉದ್ಯಮಿ ಖಾಲಿ ಬಿದ್ದ ಮನೆಗಳಿಗೆ ತಮ್ಮ ಜನರನ್ನು ಬಾಡಿಗೆಗೆ ತಂದರು. ಆದರೆ ಅವರಿಂದ ಬಿಳಿಯರಿಗಿಂತ ಜಾಸ್ತಿ ಬಾಡಿಗೆ ವಸೂಲಾಗುತ್ತಿತ್ತು. ಅದನ್ನು ತೂಗಿಸಲು ಎಷ್ಟೋ ಕುಟುಂಬಗಳು ಒಂದೆರಡು ಕೋಣೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟವು.

1930ರ ದಶಕದಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆ, ಯಾವ ಬಡಾವಣೆಗೆ ಸಾಲ ಕೊಡುವುದು ಎಷ್ಟು ಅಪಾಯ ಎಂದು ತೋರಿಸಲು, ನಗರಗಳ ನಕ್ಷೆಗೆ ಬಣ್ಣ ಹಚ್ಚಿತು. ಬ್ರೂಕ್ಲಿನ್‌ನ ಬೆಡ್‌ಫರ್ಡ್-ಸ್ಟೈವೆಸೆಂಟ್‌ಗೆ ಬಿದ್ದಿದ್ದು ಕೆಂಪು. ಕೆಂಪು ಬಿದ್ದ ಕಡೆ ಸಾಲ ಹುಟ್ಟುವುದು ಕಷ್ಟ. ಸಾಲವಿಲ್ಲದೆ ರಿಪೇರಿಯಿಲ್ಲ. ಕೋಣೆಗಳನ್ನು ಬಾಡಿಗೆಗೆ ಕೊಟ್ಟೇ ಎಷ್ಟೋ ಮಾಲೀಕರು ಮನೆ ಉಳಿಸಿಕೊಂಡರು. ಹಜಾರಕ್ಕೆ ಅಡ್ಡಗೋಡೆ ಬಂತು. ಕೋಣೆಗೊಂದು ಗ್ಯಾಸ್ ಒಲೆ, ಅಂತಸ್ತಿಗೊಂದು ಬಚ್ಚಲು, ಬಾಗಿಲ ಪಕ್ಕ ಸಾಲಾಗಿ ಕರೆಗಂಟೆಗಳು. ಈ ಕಾಲವನ್ನು ಮನೆಯ ‘ಕೆಟ್ಟ ದಿನಗಳು’ ಎಂದು ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಸೂರು ಸೋರದಂತೆ ನೋಡಿಕೊಂಡಿದ್ದು ಆ ಬಾಡಿಗೆ ಹಣವೇ.

1950ರ ದಶಕದ ಕೊನೆಯಲ್ಲಿ ಬ್ರೂಕ್ಲಿನ್ ಹೈಟ್ಸ್‌ಗೆ ಯುವ ದಂಪತಿಗಳು ಬರತೊಡಗಿದರು. ಅಡ್ಡಗೋಡೆ ಒಡೆದರು, ಬಾಗಿಲಿನ ಬಣ್ಣ ಕೆರೆದು ಮರ ಹೊರತಂದರು. 1963ರಲ್ಲಿ ಪೆನ್ ಸ್ಟೇಷನ್ ಎಂಬ ಭವ್ಯ ರೈಲು ನಿಲ್ದಾಣವನ್ನು ಕೆಡವಲು ಶುರುಮಾಡಿದಾಗ ಊರೇ ಮರುಗಿತು. 1965ರಲ್ಲಿ ಮೇಯರ್ ರಾಬರ್ಟ್ ವ್ಯಾಗ್ನರ್ ಪಾರಂಪರಿಕ ಕಟ್ಟಡಗಳ ಕಾನೂನಿಗೆ ಸಹಿ ಹಾಕಿದರು. ಅದೇ ವರ್ಷ ಬ್ರೂಕ್ಲಿನ್ ಹೈಟ್ಸ್ ನಗರದ ಮೊದಲ ಪಾರಂಪರಿಕ ವಲಯವಾಯಿತು. 1969ರಲ್ಲಿ ಮ್ಯಾನ್‌ಹಟನ್‌ನ ಗ್ರೀನಿಚ್ ವಿಲೇಜ್ ಸೇರಿತು.

ಇಲ್ಲೇ ಒಂದು ಬಿರುಕು ಉಳಿಯಿತು. ಈ ಕಾನೂನು ಕಾಯುವುದು ಮುಖ್ಯವಾಗಿ ಮನೆಯ ಹೊರಮೈಯನ್ನು. ಸ್ಟೂಪ್ ತೆಗೆಯಲು ಅನುಮತಿ ಬೇಕು, ಕಿಟಕಿ ಬದಲಿಸಲೂ ಬೇಕು. ಒಳಗೆ ಎಷ್ಟು ಮಂದಿ ಬದುಕಬೇಕು ಎಂಬುದು ಅದರ ಕೆಲಸವಲ್ಲ. ಎಂಟು ಬಾಡಿಗೆದಾರರ ಮನೆ ಒಂದೇ ಕುಟುಂಬದ್ದಾದರೂ ಬೀದಿಯಿಂದ ನೋಡಿದವರಿಗೆ ಏನೂ ಬದಲಾಗಿಲ್ಲ ಅನ್ನಿಸುತ್ತದೆ. ಕೋಣೆ ಖಾಲಿ ಮಾಡಿಸಲು ಬಾಡಿಗೆದಾರರಿಗೆ ಕಾಟ ಕೊಡುವುದು ಹೆಚ್ಚಿದ ಮೇಲೆ, 1983ರಲ್ಲಿ ನಗರ ಇನ್ನೊಂದು ನಿಯಮ ತಂದಿತು. ಇಂಥ ಕೋಣೆಗಳಿದ್ದ ಕಟ್ಟಡವನ್ನು ಮಾರ್ಪಡಿಸುವ ಮುನ್ನ, ಯಾರನ್ನೂ ಪೀಡಿಸಿಲ್ಲ ಎಂಬ ಪ್ರಮಾಣಪತ್ರ ಪಡೆಯಬೇಕು.

ಜಾಹೀರಾತಿನಲ್ಲಿ ಬರುವ ‘ಜೀವಂತ ಬೀದಿ’ ಎಂಬ ಹೊಗಳಿಕೆಯೂ ಮನೆಯೊಳಗೆ ಎಷ್ಟು ಜನ ಎಂಬ ಈ ಕಥೆಗೇ ಸೇರಿದ್ದು. 1961ರಲ್ಲಿ ಗ್ರೀನಿಚ್ ವಿಲೇಜ್‌ನ ಪಶ್ಚಿಮ ಭಾಗವಾದ ವೆಸ್ಟ್ ವಿಲೇಜ್ ಅನ್ನು ಕೆಡವಿ ಕಟ್ಟುವ ಯೋಜನೆಯನ್ನು ಎದುರಿಸಿ ನಿಂತ ಲೇಖಕಿ ಜೇನ್ ಜೇಕಬ್ಸ್ ಹೇಳುತ್ತಿದ್ದುದು ಇದನ್ನೇ. ಬೇರೆ ಬೇರೆ ಕೆಲಸದ ಜನ ಬೇರೆ ಬೇರೆ ಹೊತ್ತಿನಲ್ಲಿ ಓಡಾಡಿದರೆ ಬೀದಿಗೆ ಜೀವ ಬರುತ್ತದೆ. ಮನೆಗೊಂದೇ ಕರೆಗಂಟೆ ಉಳಿದರೆ ಆ ಓಡಾಟ ಕಡಿಮೆಯಾಗದೆ ಇರುತ್ತದೆಯೇ?

ಮನೆ ನೋಡಲು ಹೋಗುವವರು ದಾಖಲೆಗಳನ್ನೂ ನೋಡಬಹುದು. 1939ರಿಂದ 1941ರ ನಡುವೆ ತೆರಿಗೆ ಲೆಕ್ಕಕ್ಕಾಗಿ ನಗರ ತನ್ನ ಕಟ್ಟಡಗಳ ಫೋಟೋ ತೆಗೆಸಿತ್ತು. 1950ರ ಜನಗಣತಿ ಹಾಳೆಗಳು 2022ರಲ್ಲಿ ಎಲ್ಲರಿಗೂ ತೆರೆದವು. ಬೀದಿ, ಮನೆ ನಂಬರು ಹಿಡಿದು ಹುಡುಕಿದರೆ ಆ ಮನೆಯಲ್ಲಿದ್ದವರ ಹೆಸರು, ವಯಸ್ಸು, ಕೆಲಸ ಸಿಗುತ್ತದೆ. ಮೊದಲ ಸಾಲಿನಲ್ಲಿ ಮನೆಯ ಯಜಮಾನರು. ಆಮೇಲೆ ಎಷ್ಟೋ ಬಾರಿ, ಸಾಲು ಸಾಲಾಗಿ ಒಂದೇ ಪದ: ‘ಲಾಡ್ಜರ್’, ಅಂದರೆ ಕೋಣೆ ಬಾಡಿಗೆಗೆ ಹಿಡಿದವರು.